ಅರೆಖಾಸಗಿ

ಭಾಗ್ಯಳಿಗೆ ಹಳೇಬೀಡಿನಲ್ಲಿ ಮನೆ ಇರಲಿಲ್ಲ.

ಕೆಲಸ ಇತ್ತು. ಜೂನ್ ತಿಂಗಳಲ್ಲಿ ಅಲ್ಲಿನ ಹೈಸ್ಕೂಲಿಗೆ ವರ್ಗವಾಗಿ ಬಂದು ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದಳು. ಅರಸೀಕೆರೆಯ ಬಾಡಿಗೆ ಮನೆಯಿಂದ ಬೆಳಿಗ್ಗೆ ಏಳೂಕಾಲರ ಬಸ್ಸು ಹಿಡಿದು, ಜಾವಗಲ್ ಮೇಲೆ ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದಳು. ಮನೆಯಲ್ಲಿ ಅವ್ವ ಒಬ್ಬಳೇ. ಅವ್ವನಿಗೆ ಅರವತ್ತೆಂಟು, ಹದಿನೈದು ವರ್ಷದ ಸಕ್ಕರೆ ಕಾಯಿಲೆ.

ನಾಲ್ಕು ತಿಂಗಳಲ್ಲಿ ಭಾಗ್ಯ ಹಳೇಬೀಡಿನಲ್ಲಿ ಏಳು ಮನೆ ನೋಡಿದ್ದಳು. ಯಾರೂ ಜಾತಿ ಕೇಳಲಿಲ್ಲ. ಮನೆದೇವರು ಯಾವುದು ಅಂದರು. ಹುಟ್ಟೂರು ಗೆಂಡೆಹಳ್ಳಿ ಅಂದರೆ, ಅಲ್ಲಿ ಯಾವ ಬೀದಿ ಅಂದರು. ಉತ್ತರ ಕೇಳಿದ ಮೇಲೆ ಮಗಳು ಬಾಣಂತನಕ್ಕೆ ಬರುತ್ತಾಳೆ, ಬಣ್ಣ ಹೊಡೆಸಬೇಕು, ಯಜಮಾನರನ್ನು ಕೇಳಿ ಹೇಳುತ್ತೇವೆ ಅಂದರು. ಅಪ್ಪ ಸಾಯುವ ಮುಂಚೆ ಬೌದ್ಧನಾಗಿದ್ದರಿಂದ ಮನೆದೇವರ ಪ್ರಶ್ನೆಗೆ ಅವಳ ಬಳಿ ಉತ್ತರವೂ ಇರಲಿಲ್ಲ. ಒಬ್ಬ ಮಾತ್ರ ನೇರವಾಗಿ, "ನಮ್ಗೇನಿಲ್ಲ ಮೇಡಂ, ಅಕ್ಕಪಕ್ಕದೋರು ಸರಿಯಿಲ್ಲ, ಎಸ್ಸಿ ಅಂದ್ರೆ ಗಲಾಟೆ ಮಾಡ್ತಾರೆ" ಅಂದಿದ್ದ. ಭಾಗ್ಯಳಿಗೆ ಅವನ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಅವನು ಅವಳ ಸಮಯ ಹಾಳು ಮಾಡಿರಲಿಲ್ಲ.

ಅಕ್ಟೋಬರಿನ ಒಂದು ಬುಧವಾರ ಅವ್ವ ಬಚ್ಚಲಲ್ಲಿ ಜಾರಿ ಎಡಗಾಲಿನ ಹರಡಿನ ಮೂಳೆ ಮುರಿದುಕೊಂಡಳು. ಭಾಗ್ಯ ಆಟೊದಲ್ಲಿ ಸ್ಟೇಷನ್ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಳು. ಕೌಂಟರಿನ ಹೆಂಗಸು ಅವಳ ನೌಕರಿಯ ಕಾರ್ಡು ನೋಡಿ, "ನಿಮ್ಮ ಗ್ರೇಡಿಗೆ ಸೆಮಿ ಪ್ರೈವೇಟ್ ಬರುತ್ತೆ" ಅಂದಳು.

"ಅಂದ್ರೆ?"

"ಜನರಲ್ ಅಲ್ಲ. ಪ್ರೈವೇಟೂ ಅಲ್ಲ."

ಬಾಗಿಲ ಮೇಲೆ ಕನ್ನಡದಲ್ಲಿ 'ಅರೆಖಾಸಗಿ ಕೊಠಡಿ – 3' ಎಂದು ಬರೆದಿತ್ತು. ಒಳಗೆ ಅವ್ವನನ್ನು ಮಲಗಿಸುತ್ತ ನರ್ಸ್ ಮೀನಾಕ್ಷಿ ಅದನ್ನು ಬಿಡಿಸಿ ಹೇಳಿದಳು. "ಎರಡು ಮಂಚ, ನಡುವೆ ಪರದೆ, ಒಂದೇ ಬಾತ್‌ರೂಮು. ಟಿವಿ ಒಂದೇ, ಮೊದಲು ಬಂದೋರ ಕೈಲಿ ರಿಮೋಟು. ಆ ಕಡೆ ಮಾತು ಈ ಕಡೆ ಕೇಳಿಸುತ್ತೆ. ಕೇಳಿಸ್ಲಿಲ್ಲ ಅನ್ನೋ ಥರ ಇದ್ಬಿಡಿ, ಅವರೂ ಹಾಗೇ ಇರ್ತಾರೆ. ಅದೇ ಸೆಮಿ ಪ್ರೈವೇಟು."

"ಅಂಗಂದ್ರೆ ಅರ್ಧ ನಮ್ದು, ಅರ್ಧ ಅವ್ರುದ್ದಾ?" ಅಂದಳು ಅವ್ವ.

"ಹೂಂ ಅಜ್ಜಿ."

"ಯಾವರ್ಧ ನಮ್ದು?"

"ಗೋಡೆ ಕಡೆದು. ಕಿಟಕಿ ಅವರ ಪಾಲಿಗೆ ಹೋಗಿದೆ." ಮೀನಾಕ್ಷಿ ನಕ್ಕಳು. "ಬಾತ್‌ರೂಮ್ ಬಾಗಿಲು ನಿಮ್ಮ ಕಡೆ ಇದೆಯಲ್ಲ, ಸಮ ಆಯ್ತು ಬಿಡಿ."

ಡಾಕ್ಟರು ಮೂಳೆ ಕೂಡಿಸಿ ಮೊಣಕಾಲಿನ ತನಕ ಪ್ಲಾಸ್ಟರ್ ಹಾಕಿದರು. ಸಕ್ಕರೆ ಇಳಿಯುವವರೆಗೆ ಹತ್ತು ದಿನ ಇಲ್ಲೇ ಇರಲಿ ಅಂದರು. ಪ್ಲಾಸ್ಟರಿನಿಂದ ಹೊರಗಿದ್ದ ಬೆರಳುಗಳನ್ನು ನೋಡುತ್ತಿರಬೇಕು, ಬಣ್ಣ ಬದಲಾದರೆ, ಉರಿ ಜಾಸ್ತಿಯಾದರೆ ಹೇಳಬೇಕು ಎಂದು ಮೀನಾಕ್ಷಿ ಹೇಳಿಹೋದಳು. ಅವ್ವ ಔಷಧಿಯ ಮಂಪರಿನಲ್ಲಿ ಮಾರನೆಯ ಮಧ್ಯಾಹ್ನದ ತನಕ ಮಲಗಿದಳು.

ಪರದೆಯ ಆಚೆ ಚೆಲುವಾಂಬ ಎಂಬ ಎಪ್ಪತ್ನಾಲ್ಕು ವರ್ಷದ ಮುದುಕಿ ಇದ್ದರು. ಬೇಲೂರಿನವರು. ಸತ್ತ ಗಂಡ ದೇವಸ್ಥಾನದ ಕೆಲಸದಲ್ಲಿದ್ದವರು, ಮಗ ರಘುರಾಮ್ ಬೇಲೂರಿನಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತ. ಸೊಂಟದ ಮೂಳೆ ಮುರಿದ ಅತ್ತೆಯನ್ನು ನೋಡಿಕೊಳ್ಳಲು ಸೊಸೆ ಮೇಧಿನಿ ಅಲ್ಲೇ ಉಳಿದಿದ್ದಳು. ಅವಳಿಗೆ ಭಾಗ್ಯಳಷ್ಟೇ ವಯಸ್ಸು, ಮೂವತ್ತೆರಡು ಮೂವತ್ತಮೂರು.

ಶನಿವಾರ ಭಾಗ್ಯ ಫೋನಿನಲ್ಲಿ ಬ್ರೋಕರ್ ಒಬ್ಬನ ಹತ್ತಿರ ಮಾತು ಮುಗಿಸಿದ್ದಳಷ್ಟೆ. ಪರದೆಯ ಅಂಚು ಸರಿಯಿತು.

"ಮೇಡಂ, ಕದ್ದು ಕೇಳಿದ್ದಲ್ಲ, ಕಿವಿಗೆ ಬಿತ್ತು," ಅಂದಳು ಮೇಧಿನಿ. "ಹಳೇಬೀಡಲ್ಲಿ ಮನೆ ನೋಡ್ತಿದೀರಾ?"

"ಹೌದು."

"ನಮ್ಮ ತಂದೆ ಮನೆ ಅಲ್ಲೇ ಇರೋದು. ಮೇಲಿನ ಮನೆ ಖಾಲಿ ಇದೆ. ಮೆಟ್ಟಿಲು ಬೇರೆ, ನಲ್ಲಿ ಬೇರೆ. ನಿಮ್ಮ ಸ್ಕೂಲಿಗೆ ನಡ್ಕೊಂಡು ಐದು ನಿಮಿಷ. ಅದನ್ನ ನೋಡ್ಕೊಳ್ಳೋದು ನಮ್ಮ ಯಜಮಾನರೇ. ಟೀಚರ್ ಅಂದ್ರೆ ಬೇಡ ಅನ್ನಲ್ಲ." ಪರದೆಯ ಅಂಚು ಹಿಡಿದುಕೊಂಡೇ, "ವೆಜ್ ತಾನೇ?"

"ಹೂಂ."

"ಮನೆದೇವರು?"

"ತಿರುಪತಿ."

"ನಮ್ಮದೂ ಅಲ್ಲೇ!"

ಎರಡು ಸುಳ್ಳು, ಎರಡು ಉಸಿರು. ಮಂಚದ ಮೇಲೆ ಅವ್ವ ಚಾವಣಿ ನೋಡುತ್ತ ಮಲಗಿದ್ದಳು.

ಮೇಧಿನಿ ಆಚೆ ಹೋದ ಮೇಲೆ ಭಾಗ್ಯಳಿಗೆ ಸಂತೋಷವಾಗುವುದಕ್ಕಿಂತ ಮೊದಲು ಇನ್ನೊಂದು ಯೋಚನೆ ಬಂತು. ಬ್ರೋಕರಿನ ಮಾತು ಆಚೆ ಕೇಳಿಸಿದ್ದರೆ ಮೂರು ದಿನದ ಬೇರೆ ಮಾತೂ ಕೇಳಿಸಿರಬೇಕು. ಏನೇನು ಆಡಿದ್ದೆವು ಎಂದು ನೆನಪು ಮಾಡಿಕೊಂಡಳು. ಅವ್ವ ಹೆಚ್ಚಿನ ಹೊತ್ತು ನಿದ್ದೆಯಲ್ಲಿದ್ದಳು. ಅಪಾಯದ ಮಾತು ಯಾವುದೂ ನೆನಪಾಗಲಿಲ್ಲ. ಹಾಗಂತ ಧೈರ್ಯವೂ ಬರಲಿಲ್ಲ.

ಅವ್ವನ ಕಿವಿಯ ಹತ್ತಿರ ಬಗ್ಗಿದಳು.

"ಇನ್ಮೇಲೆ ಇಲ್ಲಿ ಮಾತು ಕಮ್ಮಿ ಮಾಡು."

"ಯಾಕವ್ವಾ?"

"ಮನೆ ಸಿಗೋಗಂಟ. ಗೆಂಡೆಹಳ್ಳಿ ವಿಷ್ಯ ಬೇಡ, ಕಾಲೋನಿ ವಿಷ್ಯ ಬೇಡ. ಅಪ್ಪನ ತಮಟೆ ವಿಷ್ಯವಂತೂ ಬೇಡ್ವೇ ಬೇಡ. ಹನುಮಯ್ಯ ಮಾವನಿಗೂ ಬರ್ಬೇಡ ಅಂತ ಫೋನ್ ಮಾಡ್ತೀನಿ."

"ನನ್ ತಮ್ಮ ಬಂದ್ರೇನೇ?"

"ಬಾಗ್ಲಲ್ಲೇ ನಿಂತು ಜೈ ಭೀಮ್ ಅಂತಾನೆ."

ಅವ್ವ ನಕ್ಕಳು. "ಅದೂ ದಿಟವೇ. ಅವನ್ ಗಂಟ್ಲು ಸ್ಟೇಷನ್ನಿಗೂ ಕೇಳ್ಸುತ್ತೆ."

"ನಿನ್ನ ಅಮ್ಮ ಅಂತ ಕರೀತೀನಿ, ಅವ್ವ ಅನ್ನಲ್ಲ. ನೋವಾದ್ರೂ ಕೂಗ್ಬೇಡ. ನನ್ ಕೈ ಒತ್ತು, ಸಾಕು."

"ನೀನಿಲ್ದಾಗ ಯಾರ್ ಕೈ ಒತ್ತಲಿ?"

"ನರ್ಸ್ ಬಂದಾಗ ಮೆಲ್ಲಗೆ ಹೇಳು."

ಕೂಗುವುದನ್ನು ಬೇಡವೆನ್ನಲು ಕಾರಣವಿತ್ತು. ಅವ್ವನಿಗೆ ನೋವು ಬಂದರೆ ಬಾಯಿಗೆ ಬೀಗ ಇರುತ್ತಿರಲಿಲ್ಲ. ಸತ್ತ ಗಂಡನನ್ನು, ಅವನ ತಮಟೆಯನ್ನು, ಕೂಲಿ ಕೊಡದ ಗೌಡರ ಕಣವನ್ನು, ಬಿಕ್ಕೋಡಿನ ಎಸ್ಟೇಟಿನ ಮೇಸ್ತ್ರಿಯನ್ನು, ಕಾಲೋನಿಯ ಮಾರಮ್ಮನನ್ನು ಒಂದೇ ಉಸಿರಿನಲ್ಲಿ ಬೈಯುತ್ತಿದ್ದಳು. ಐದು ನಿಮಿಷ ಕೇಳಿದವರಿಗೆ ಮನೆದೇವರು ಯಾವುದೆಂದು ಕೇಳುವ ಅಗತ್ಯ ಬೀಳುತ್ತಿರಲಿಲ್ಲ.

ಪರದೆ ಗೋಡೆಯ ತನಕ ಮುಟ್ಟುತ್ತಿರಲಿಲ್ಲ, ಒಂದು ಗೇಣು ಜಾಗ ಬಿಡುತ್ತಿತ್ತು. ಭಾಗ್ಯ ಅಂಚನ್ನು ಎಳೆದು, ಗೋಡೆಯ ಮೊಳೆಯೊಂದಕ್ಕೆ ಸೇಫ್ಟಿ ಪಿನ್ನಿನಿಂದ ಸಿಕ್ಕಿಸಿದಳು. ಕಿಟಕಿಯ ಬೆಳಕು ಹಸಿರು ಬಟ್ಟೆಯ ಮೂಲಕವೇ ಬರಬೇಕಾಯಿತು. ಅವ್ವನ ಮುಖ, ದಿಂಬು, ಮೂಸಂಬಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದವು. ಬಾತ್‌ರೂಮಿಗೆ ಹೋಗಲು ಮೇಧಿನಿ ಪರದೆಯ ತುದಿಯಿಂದ ಬಳಸಿ ಅವ್ವನ ಕಾಲ ಬಳಿಯೇ ಹಾದು ಹೋಗಬೇಕಿತ್ತು. ನಲವತ್ತು ವರ್ಷ ಎಸ್ಟೇಟಿನ ಕೆಲಸ ಮಾಡಿದ, ಒಡೆದು ಮಣ್ಣು ಕೂತ ಕಾಲುಗಳು ಅವು. ಭಾಗ್ಯ ಹೊದಿಕೆಯನ್ನು ಪಾದದ ಮೇಲೂ ಎಳೆದು ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿದಳು.

ಭಾನುವಾರ ಇಡೀ ದಿನ ಅವಳು ಆಚೆಯ ಮಾತಿಗೆ ಕಿವಿ ಕೊಟ್ಟಳು. ಚೆಲುವಾಂಬ ಮತ್ತು ಮೇಧಿನಿ ಗಟ್ಟಿಯಾಗಿ ಮಾತಾಡಿದರೆ ಪರವಾಗಿರಲಿಲ್ಲ. ಮೆಲ್ಲಗೆ ಮಾತಾಡಿದರೆ ಇದು ನಮ್ಮ ವಿಷಯ ಅನ್ನಿಸುತ್ತಿತ್ತು. ಮಾತು ನಿಂತರೆ ಇನ್ನೂ ಹೆಚ್ಚು. ಒಮ್ಮೆ ಫ್ಯಾನು ಆರಿಸಿ ಕೂತಳು. "ಸೆಖೆ ಆಗಲ್ವಾ ಮೇಡಂ?" ಎಂದು ಆಚೆಯಿಂದ ಮೇಧಿನಿ ಕೇಳಿದಳು. ಭಾಗ್ಯ ಮತ್ತೆ ಹಾಕಿದಳು. ಫ್ಯಾನು ಆರಿಸಿದ್ದೂ ಆಚೆ ತಿಳಿಯುತ್ತದೆ.

ಸೋಮವಾರದಿಂದ ರಜೆ ಇರಲಿಲ್ಲ. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು. ಬೆಳಿಗ್ಗೆ ಏಳರಿಂದ ಸಂಜೆ ಆರರ ತನಕ ಅವ್ವ ಆ ಕೋಣೆಯಲ್ಲಿ ಒಬ್ಬಳೇ, ಪರದೆಯ ಆಚೆ ಮೇಧಿನಿ. ಅಷ್ಟು ಹೊತ್ತು ಏನು ಮಾತು ನಡೆಯುತ್ತದೆ ಎಂದು ತಿಳಿಯದೆ ಇರುವುದು ಭಾಗ್ಯಳಿಗೆ ಆಗಲಿಲ್ಲ. ಅವಳ ಹತ್ತಿರ ಗಾಜು ಒಡೆದ ಒಂದು ಹಳೆ ಫೋನ್ ಇತ್ತು. ಅದರಲ್ಲಿ ರೆಕಾರ್ಡಿಂಗ್ ಹಾಕಿ, ಚಾರ್ಜಿಗೆ ಸಿಕ್ಕಿಸಿ, ಅವ್ವನ ದಿಂಬಿನ ಪಕ್ಕದ ಕಪಾಟಿನ ಮೇಲೆ ಬೋರಲಾಗಿ ಇಟ್ಟಳು. ಅವ್ವ ಕೇಳಿದ್ದಕ್ಕೆ, "ಚಾರ್ಜ್ ಆಗ್ಲಿ, ಮುಟ್ಬೇಡ" ಅಂದಳು. ಸಂಜೆ ಬಂದು ಅದನ್ನು ತನ್ನ ಫೋನಿಗೆ ಹಾಕಿಕೊಂಡು, ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿ ಕೇಳಿದಳು.

ಹನ್ನೊಂದು ಗಂಟೆಯ ರೆಕಾರ್ಡಿಂಗನ್ನು ಒಂದೂವರೆ ಗಂಟೆಯ ಬಸ್ಸಿನಲ್ಲಿ ಕೇಳುವುದಕ್ಕೆ ಒಂದು ಕ್ರಮ ಬೇಕಿತ್ತು. ದನಿ ಎದ್ದಲ್ಲೆಲ್ಲ ಫೋನಿನ ಗೆರೆ ಎತ್ತರಕ್ಕೆ ಹಾರುತ್ತಿತ್ತು. ಅಲ್ಲಿಗೆ ಬೆರಳಿಟ್ಟು ಕೇಳುತ್ತಿದ್ದಳು. ಧಾರಾವಾಹಿ, ಪಾತ್ರೆ, ಸ್ಟೇಷನ್ನಿನ ಘೋಷಣೆ, ಮೇಧಿನಿಯ ಕೆಮ್ಮು. ನಡುವೆ ಉದ್ದಕ್ಕೂ ಗೆರೆ ನೆಲಕ್ಕೆ ಅಂಟಿದಂತೆ ಸಣ್ಣಗೆ ಅಲುಗುತ್ತಿತ್ತು. ಅದು ಫೋನಿಗೆ ಹತ್ತಿರವಿದ್ದ ದನಿ, ಅವ್ವನ ಉಸಿರು, ಅವ್ವ ಮಗ್ಗುಲಾಗುವ ಸದ್ದು. ಅದನ್ನು ದಾಟಿಸಿದಳು. ಅವಳಿಗೆ ಬೇಕಾದದ್ದು ಆಚೆಯ ದನಿ.

ಸೋಮವಾರದ ರೆಕಾರ್ಡಿಂಗಿನಲ್ಲಿ ಒಂದು ಸಿಕ್ಕಿತು. ಮೇಧಿನಿ ಗಂಡನಿಗೆ ಫೋನ್ ಮಾಡಿದ್ದಳು. "ಟೀಚರ್ ಒಬ್ರು, ತಾಯಿ ಮಗಳು ಇಬ್ಬರೇ... ತಿರುಪತಿ ಒಕ್ಕಲಂತೆ ರೀ... ಒಳ್ಳೆಯವರ ಥರ ಕಾಣ್ತಾರಪ್ಪ... ಹೂಂ, ಇನ್ನೊಂದ್ಸಲ ವಿಚಾರಿಸ್ತೀನಿ."

ವಿಚಾರಿಸ್ತೀನಿ. ಭಾಗ್ಯ ಆ ಮಾತನ್ನು ಜಾವಗಲ್ ಬರುವ ತನಕ ಆರು ಸಲ ಕೇಳಿದಳು. ಯಾರನ್ನು ವಿಚಾರಿಸುತ್ತಾಳೆ? ಕೌಂಟರಿನವಳನ್ನೇ? ಶಾಲೆಗೆ ಫೋನ್ ಮಾಡುತ್ತಾಳೆಯೇ?

ಆ ಸಂಜೆ ಮೀನಾಕ್ಷಿ ಬಿ.ಪಿ. ನೋಡಲು ಬಂದಳು. "ನೋವಿದ್ಯಾ ಅಜ್ಜಿ?"

"ಇಲ್ಲ ಕಣವ್ವ."

"ಕಾಲು ತೋರ್ಸಿ ನೋಡೋಣ. ಇದೇನ್ ಇಷ್ಟು ಕತ್ತಲೆ?" ಅವಳು ಹೊದಿಕೆಗೆ ಕೈ ಹಾಕಿದಳು. ಅಷ್ಟರಲ್ಲಿ ಬಾತ್‌ರೂಮಿನ ಚಿಲಕ ಸದ್ದಾಯಿತು, ಮೇಧಿನಿ ಹೊರಗೆ ಬರುತ್ತಿದ್ದಳು.

"ಏನಿಲ್ಲ ಸಿಸ್ಟರ್," ಅಂದಳು ಭಾಗ್ಯ. "ನಾನೀಗ ತಾನೇ ನೋಡಿದೆ."

ನೋಡಿರಲಿಲ್ಲ. ಮೀನಾಕ್ಷಿಗೆ ಇನ್ನೂ ಆರು ಕೋಣೆ ಬಾಕಿ ಇದ್ದವು, ಹೋದಳು. ಅವ್ವ ಭಾಗ್ಯಳ ಕೈ ಒತ್ತಿದಳು. ಸ್ವಲ್ಪ ಬಿಟ್ಟು ಮತ್ತೆ ಒತ್ತಿದಳು. ಭಾಗ್ಯ ನೋವಿನ ಮಾತ್ರೆ ಒಂದರ ಜಾಗದಲ್ಲಿ ಎರಡು ಕೊಟ್ಟಳು. ಮೂಳೆ ಮುರಿದವರಿಗೆ ನೋವು ಇರುವುದೇ.

ಬುಧವಾರ ಸಂಜೆ ಮೇಧಿನಿ ಪರದೆಯ ಪಿನ್ನು ನೋಡಿ ಇನ್ನೊಂದು ತುದಿಯಿಂದ ಬಳಸಿ ಬಂದಳು. "ಭಾನುವಾರ ಬಂದು ಮನೆ ನೋಡ್ಬಿಡಿ ಮೇಡಂ. ಯಜಮಾನರು ಹೂಂ ಅಂದಿದಾರೆ. ನಂಬರ್ ಹಾಕ್ಕೊಳ್ಳಿ."

ಭಾಗ್ಯ ನಂಬರ್ ಹಾಕಿಕೊಂಡಳು.

"ಅಂದ್ಹಾಗೆ ನೀವು ಗೆಂಡೆಹಳ್ಳಿ ಕಡೆಯವರಾ? ನಮ್ಮ ದೊಡ್ಡಪ್ಪ ಅಲ್ಲಿ ಪೋಸ್ಟ್ ಆಫೀಸಲ್ಲಿದ್ರು. ಅವರಿಗೆ ಅಲ್ಲಿ ಗೊತ್ತಿಲ್ಲದ ಮನೆ ಇಲ್ಲ."

"ಯಾರು ಹೇಳಿದ್ರು, ಗೆಂಡೆಹಳ್ಳಿ ಅಂತ?"

"ಅತ್ತೆ ಅಂತಿದ್ರು."

ಮೇಧಿನಿ ಹೋದ ಮೇಲೆ ಭಾಗ್ಯ ಅವ್ವನ ಮೇಲೆ ಬಗ್ಗಿದಳು. "ಆ ಅಜ್ಜಿಗೆ ಊರ ಹೆಸ್ರು ಹೇಳಿದ್ಯಾ?" ಅವ್ವ ಮುಖ ಗೋಡೆಗೆ ತಿರುಗಿಸಿದಳು. "ಇನ್ನೇನೇನ್ ಹೇಳಿದ್ಯಾ?" ಅವ್ವ ಮಾತಾಡಲಿಲ್ಲ. ಮಾತಾಡಬೇಡ ಅಂದವಳು ಭಾಗ್ಯಳೇ.

ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಬುಧವಾರದ ರೆಕಾರ್ಡಿಂಗ್ ತೆರೆದಳು. ಈ ಸಲ ಎತ್ತರದ ಗೆರೆಗಳಲ್ಲಿ ಏನೂ ಸಿಗಲಿಲ್ಲ. ಚೆಲುವಾಂಬರಿಗೆ ಅವ್ವ ಏನಾದರೂ ಹೇಳಿದ್ದರೆ ಮೆಲ್ಲಗೆ ಹೇಳಿರಬೇಕು ಎಂದು ಹೊಳೆಯಿತು. ನೆಲಕ್ಕೆ ಅಂಟಿದ ಗೆರೆಗೆ ಬಂದು ವೇಗ ಇಳಿಸಿ, ದನಿ ಪೂರ್ತಿ ಏರಿಸಿದಳು.

ಬಾಗಿಲು ಮುಚ್ಚಿದ ಸದ್ದು. ಆಮೇಲೆ ಚೆಲುವಾಂಬರ ದನಿ, ಪರದೆಗೆ ಬಾಯಿ ಹಚ್ಚಿದಷ್ಟು ಹತ್ತಿರ.

"ಚಿಕ್ಕಮ್ಮಾ, ಮೇಧಿನಿ ಕೆಳಗೆ ಕಾಫಿಗೆ ಹೋದ್ಲು ಕಣ್ರೀ. ಈಗ ನರಳಿಕೊಳ್ಳಿ, ಪರವಾಗಿಲ್ಲ."

ಚಿಕ್ಕಮ್ಮ ಎಂಬುದು ಅವ್ವನ ಹೆಸರು. ಆ ಹೆಸರು ಭಾಗ್ಯಳ ಬಾಯಿಂದ ಆ ಕೋಣೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಆಮೇಲೆ ಅವ್ವನ ನರಳಿಕೆ ಕೇಳಿಸಿತು, ಉದ್ದವಾಗಿ, ಹಲ್ಲಿನ ನಡುವೆ ಬಟ್ಟೆ ಕಚ್ಚಿದಂತೆ.

"ನಿನ್ನೆಗಿಂತ ಜಾಸ್ತಿನಾ?"

"ನೆನ್ನೆಗಂಟ ಬೆರಳು ಉರೀತಿದ್ವು ಅಮ್ಮೋರೆ. ಇವತ್ತು ಉರೀನೂ ಇಲ್ಲ. ಅವೆಯೋ ಇಲ್ವೋ ಅಂತ್ಲೇ ಗೊತ್ತಾಯ್ತಿಲ್ಲ. ಮ್ಯಾಲಕ್ಕೆ ಸೆಳೀತದೆ."

"ಸಿಸ್ಟರ್‌ನ ಕರೀಲೇನು?"

"ಬ್ಯಾಡಿ ಬ್ಯಾಡಿ. ಬಂದ್ರೆ ಲೈಟ್ ಹಾಕ್ತಾರೆ, ಕಾಲು ಹಿಡಿದು ಅಲ್ಲಾಡಿಸ್ತಾರೆ. ನನ್ ಬಾಯಿ ನಿಲ್ಲಾಕಿಲ್ಲ. ನಿಮ್ ಸೊಸೆ ಬಂದ್ಬುಟ್ರೆ? ಮಗೀಗೆ ಮನೆ ಸಿಗ್ಲಿ. ಭಾನ್ವಾರ ಒಂದಾಗ್ಲಿ, ಆಮ್ಯಾಕೆ ಕೂಕ್ಕೊತೀನಿ."

"ನೀವು ಕಾಲೋನಿಯವರು ಅಂತ ಅವಳಿಗೆ ನಾನು ಹೇಳಿಲ್ಲ ಕಣ್ರೀ. ಊರ ಹೆಸರೊಂದು ಬಾಯ್ತಪ್ಪಿ ಬಂತು. ಅದಿಷ್ಟೇ. ಹೇಳಿದ್ರೆ ಇವತ್ತೇ ರೂಮು ಬದಲಾಯಿಸ್ತಾಳೆ. ಆಮೇಲೆ ನಾನು ಆ ಟಿವಿ ಹತ್ರ ಮಾತಾಡ್ಲೇನು?"

ಅವ್ವ ನಕ್ಕಳು. ನಗು ಮುಗಿಯುವ ಮೊದಲೇ ಮತ್ತೆ ನರಳಿದಳು.

"ಮೊದಲ ದಿನ ನೀವು ಕೇಳಿದ್ದಕ್ಕೆ ಹೇಳ್ಬುಟ್ಟೆ ಅಮ್ಮೋರೆ. ಆಗ ಮನೆ ಮಾತು ಬಂದಿರ್ಲಿಲ್ಲ. ನಿಮ್ಗೆ ಗೊತ್ತು ಅಂತ ನನ್ ಮಗಳಿಗೆ ಹೇಳಾಕೆ ಬಾಯೇ ಬರಾಕಿಲ್ಲ."

ಭಾಗ್ಯ ಸೋಮವಾರದ ರೆಕಾರ್ಡಿಂಗ್ ತೆಗೆದಳು. ದಾಟಿಸಿದ್ದ ಗೆರೆಯಲ್ಲಿ ಅದೇ ನರಳಿಕೆ ಇತ್ತು. ಮಂಗಳವಾರದ್ದರಲ್ಲೂ ಇತ್ತು. ಅದರ ಮೇಲೆಯೇ ಬೆರಳಿಟ್ಟು ಅವಳು ಮುಂದಕ್ಕೆ ಎಳೆದಿದ್ದಳು.

ಜಾವಗಲ್ಲಿನಲ್ಲಿ ಇಳಿದು ನರ್ಸಿಂಗ್ ಹೋಮಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಬಿಲ್ಲಿಂಗಿನವರು ಎತ್ತಿ, ಡಾಕ್ಟರ್ ರೌಂಡ್ಸ್ ಹನ್ನೊಂದಕ್ಕೆ, ಸಿಸ್ಟರ್ ಆಪರೇಷನ್ ಥಿಯೇಟರಿನಲ್ಲಿದ್ದಾರೆ ಅಂದರು. ಫೋನಿನಲ್ಲಿ ಮೇಧಿನಿಯ ನಂಬರ್ ಇತ್ತು. ಅವಳು ಅವ್ವನಿಂದ ಎಂಟು ಹೆಜ್ಜೆ ದೂರದಲ್ಲಿದ್ದಳು. ಹೊದಿಕೆ ಎತ್ತಿ ಕಾಲು ನೋಡಿ ಎಂದು ಒಂದು ಮಾತು ಹೇಳಿದ್ದರೆ ನೋಡುತ್ತಿದ್ದಳು. ಅವ್ವ ಬಾಯಿ ಬಿಡುತ್ತಿದ್ದಳು. ಭಾಗ್ಯ ಆ ಹೆಸರನ್ನು ತೆರೆದಳು, ನೋಡಿದಳು, ಒತ್ತಲಿಲ್ಲ. ಅರಸೀಕೆರೆಯ ಬಸ್ಸು ಬರಲು ಇಪ್ಪತ್ತು ನಿಮಿಷ ಹಿಡಿಯಿತು, ತಲುಪಲು ಮುಕ್ಕಾಲು ಗಂಟೆ.

ಕೋಣೆಗೆ ಬಂದವಳು ಪರದೆಯನ್ನು ಪಿನ್ನಿನ ಸಮೇತ 'ಪರ್' ಎಂದು ಕಿತ್ತಳು. ಕಿಟಕಿಯ ಬೆಳಕು ನೇರವಾಗಿ ಮಂಚದ ಮೇಲೆ ಬಿತ್ತು. ಹೊದಿಕೆ ಎತ್ತಿದಳು. ಎಡಗಾಲಿನ ಕಿರುಬೆರಳು ಮತ್ತು ಅದರ ಪಕ್ಕದ್ದು ಇದ್ದಲಿನ ಬಣ್ಣಕ್ಕೆ ಬಂದಿದ್ದವು. ಅದರಾಚೆಯದು ನೀಲಿ. ವಾಸನೆ ಇತ್ತು.

"ಅವ್ವಾ!"

ಆ ಕೂಗಿಗೆ ಮೀನಾಕ್ಷಿ ಬಂದಳು, ಆಮೇಲೆ ಡಾಕ್ಟರು ಬಂದರು. ಪ್ಲಾಸ್ಟರನ್ನು ಅಲ್ಲೇ ಕತ್ತರಿಸಿದರು. ಒಳಗೆ ಕಾಲು ಊದಿ ಬಿಗಿದು, ಮಂಡಿಯ ಕೆಳಗೆ ಗೆರೆ ಬಿದ್ದಿತ್ತು.

"ಎಷ್ಟು ದಿನದಿಂದ ನೋವು?"

"ಐದ್ ದಿನ ಸಾಮಿ."

"ಯಾಕಮ್ಮಾ ಹೇಳಲಿಲ್ಲ?"

ಅವ್ವ ಮಗಳನ್ನು ನೋಡಿದಳು. ಡಾಕ್ಟರು ಕಾಲನ್ನು ಸ್ವಲ್ಪ ಎತ್ತಿದರು. ಆಗ ಅವ್ವ ಬಾಯಿ ಬಿಟ್ಟಳು. ತಮಟೆ ಬಡಿದು ಬಡಿದು ತನ್ನನ್ನು ಬಿಟ್ಟು ಹೋದ ಗಂಡ, ಗೌಡರ ಕಣ, ಮೇಸ್ತ್ರಿ, ಮಾರಮ್ಮ, ಐದು ದಿನ ತಡೆದದ್ದೆಲ್ಲ ಒಟ್ಟಿಗೆ ಬಂತು. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತರು. ಮೇಧಿನಿ ಬಾತ್‌ರೂಮಿನ ಬಾಗಿಲಲ್ಲಿ ಒಗೆದ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದಳು. ಅವಳು ಮಂಚವನ್ನು ನೋಡಿದಳು, ಆಮೇಲೆ ತನ್ನ ಅತ್ತೆಯನ್ನು ನೋಡಿದಳು. ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು.

ಅವ್ವನನ್ನು ಥಿಯೇಟರಿಗೆ ತಳ್ಳಿಕೊಂಡು ಹೋದ ಮೇಲೆ ಭಾಗ್ಯ ಚೆಲುವಾಂಬರ ಮಂಚದ ಬಳಿ ನಿಂತಳು. ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿದಳು. ಸಣ್ಣ ಮುಖ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು.

"ನಿಮಗೆ ಕೇಳಿಸ್ತಿತ್ತು."

"ಕೇಳಿಸ್ತಿತ್ತು ಕಣಮ್ಮ."

"ಐದು ದಿನ."

"ಕರೀಲಾ ಅಂದೆ. ಬೇಡ ಅಂದ್ರು. ಪರದೆ ಆಚೆ ವಿಷಯಕ್ಕೆ ನಾನು ಹೇಗೆ ಬಾಯಿ ಹಾಕ್ಲಿ?"

"ನರ್ಸಿಗೊಂದು ಬೆಲ್ ಒತ್ತೋಕೆ ಏನಾಗಿತ್ತು?"

"ನೀನು ಮಗಳು," ಅಂದರು ಚೆಲುವಾಂಬ. ದನಿಯಲ್ಲಿ ಕೋಪವಿರಲಿಲ್ಲ. "ದಿನಾ ರಾತ್ರಿ ಅವರ ಪಕ್ಕದಲ್ಲೇ ಮಲಗ್ತಿದ್ದೆ. ನೀನೇ ಹೊದಿಕೆ ಎತ್ತಿ ನೋಡ್ಲಿಲ್ಲ."

"ಸಾಕು ಸುಮ್ನಿರಿ ಅತ್ತೆ," ಅಂದಳು ಮೇಧಿನಿ. ಅವಳು ಆಗಲೇ ಕಪಾಟಿನ ಸಾಮಾನು ಚೀಲಕ್ಕೆ ತುಂಬುತ್ತಿದ್ದಳು. ಸ್ಟೀಲಿನ ಲೋಟ, ಪಂಚಾಂಗ, ರಿಮೋಟು. ರಿಮೋಟು ನರ್ಸಿಂಗ್ ಹೋಮಿನದೆಂದು ನೆನಪಾಗಿ ವಾಪಸು ಇಟ್ಟಳು. "ನಿಮಗೆ ಮೊದಲ ದಿನವೇ ಗೊತ್ತಿತ್ತಾ? ನಾನು ಅವರ ಫ್ಲಾಸ್ಕಲ್ಲಿ ನಿಮಗೆ ಬಿಸಿನೀರು ಕೊಟ್ಟಿದೀನಿ."

"ಬಿಸಿಯಾಗೇ ಇತ್ತು ಕಣೇ," ಅಂದರು ಚೆಲುವಾಂಬ.

ಸಂಜೆಗೆ ಅವರ ಮಂಚ ಖಾಲಿಯಾಯಿತು. ದುಡ್ಡು ಹೆಚ್ಚು ಕೊಟ್ಟು ಖಾಸಗಿ ಕೋಣೆಗೆ ಹೋದರು ಎಂದು ಮೀನಾಕ್ಷಿ ಹೇಳಿದಳು. ಹೋಗುವಾಗ ಚೆಲುವಾಂಬ ಗಾಲಿಕುರ್ಚಿಯಿಂದ, "ಚಿಕ್ಕಮ್ಮ ಬಂದ್ರಾ?" ಎಂದು ಕೇಳಿದರಂತೆ. ಇನ್ನೂ ಬಂದಿರಲಿಲ್ಲ.

ಹನುಮಯ್ಯ ಮಾವ ಗೆಂಡೆಹಳ್ಳಿಯಿಂದ ಮಾರನೆಯ ದಿನ ಬಂದ. ಬಾಗಿಲಲ್ಲಿ ನಿಂತು ಏನೂ ಕೂಗಲಿಲ್ಲ. ಖಾಲಿ ಮಂಚದ ಮೇಲೆ ಕೂತು, ಅಕ್ಕನ ಕಟ್ಟು ಹಾಕಿದ ಕಾಲು ನೋಡಿ, "ನಂಗೆ ಬರ್ಬೇಡ ಅಂದ್ಯಲ್ಲ ಮಗ. ಬಂದಿದ್ರೆ ನಾನಾದ್ರೂ ಕೇಳ್ತಿದ್ದೆ" ಅಂದ. ಭಾಗ್ಯ ಅವನಿಗೆ ಕಾಫಿ ತರಲು ಎದ್ದಳು.

ಅವ್ವ ಮಾತಾಡತೊಡಗಿದಳು. ಅರವಳಿಕೆ ಇಳಿದ ಮೇಲೆ ನಿಲ್ಲಲೇ ಇಲ್ಲ. ಕಾಲೋನಿಯ ಪ್ರತಿ ಮನೆಯ ಸುದ್ದಿ, ಎಸ್ಟೇಟಿನ ಜಗಳಗಳು, ಗಂಡನ ತಮಟೆ. ಪರದೆ ಇರಲಿಲ್ಲ, ಆಚೆ ಯಾರೂ ಇರಲಿಲ್ಲ. ಮಗಳಿಗೆ ಬೈಯಲಿಲ್ಲ. ಮನೆಯ ಸುದ್ದಿ ಮಾತ್ರ ತಾನಾಗಿ ಎತ್ತಲಿಲ್ಲ. ಭಾನುವಾರ ಬಂದಾಗ, "ಇವತ್ತು ಭಾನ್ವಾರ ಅಲ್ವಾ" ಅಂದಳಷ್ಟೆ.

ಭಾನುವಾರ ಮೇಧಿನಿ ಫೋನ್ ಮಾಡಲಿಲ್ಲ. ಸೋಮವಾರ ಸಂದೇಶ ಬಂತು. 'ಮೇಡಂ, ಮನೆಯನ್ನು ನಮ್ಮ ಯಜಮಾನರು ಆಫೀಸಿನವರೊಬ್ಬರಿಗೆ ಆಗಲೇ ಹೇಳಿಬಿಟ್ಟಿದ್ದರಂತೆ. ನನಗೆ ಗೊತ್ತಿರಲಿಲ್ಲ. ಅಮ್ಮ ಹೇಗಿದ್ದಾರೆ?' ಕೊನೆಯಲ್ಲಿ ಕೈ ಮುಗಿದ ಚಿತ್ರ ಒಂದು.

ನಂಬರ್ ಕೊಟ್ಟ ದಿನ ಮೇಧಿನಿ ಆ ಮನೆಯ ಗುರುತೂ ಹೇಳಿದ್ದಳು. ಎರಡು ವಾರದ ನಂತರ ಶಾಲೆ ಬಿಟ್ಟು ಬಸ್ಸಿಗೆ ಹೋಗುವಾಗ ಆ ಬೀದಿಯಲ್ಲಿ ಹಾದು ಹೋದಳು. ಮೇಲಿನ ಮನೆಯ ಕಿಟಕಿಗಳು ಮುಚ್ಚಿದ್ದವು. ಮೆಟ್ಟಿಲ ಕಂಬಿಗೆ ರಟ್ಟಿನ ಹಲಗೆ ಕಟ್ಟಿತ್ತು. 'ಮನೆ ಬಾಡಿಗೆಗೆ ಇದೆ.' ಕೆಳಗೆ ರಘುರಾಮ್ ಎಂಬ ಹೆಸರು, ನಂಬರು. ಬಿಸಿಲಿಗೆ ಅಕ್ಷರ ಇನ್ನೂ ಮಾಸಿರಲಿಲ್ಲ.

ನರ್ಸಿಂಗ್ ಹೋಮಿನ ಬಿಡುಗಡೆ ಚೀಟಿಯಲ್ಲಿ ಅರೆಖಾಸಗಿ ಕೊಠಡಿ, ಹದಿನಾರು ದಿನ ಎಂದು ಇತ್ತು. ಅದರ ಕೆಳಗೆ ಎಡಗಾಲಿನ ನಾಲ್ಕನೆಯ ಮತ್ತು ಐದನೆಯ ಬೆರಳು ತೆಗೆದದ್ದು. ಮೂರನೆಯದು ಉಳಿಯಿತು.

ಹೋದ ಬೆರಳು ಎರಡು. ಹೋದ ಮನೆ, ಮೊದಲಿನ ಏಳೂ ಸೇರಿ, ಎಂಟು.